ಘಟ್ಟದ ಸೈಕಾಸ್: ಗುರುತಿಸಿ, ಬೀಜದಿಂದ ಬೆಳೆಸಿ

ನರ್ಸರಿಗೆ ಸೈಕಾಸ್ ಕೊಳ್ಳಲು ಹೋದವರು ಮೊದಲು ನೋಡುವುದು ಬೊಡ್ಡೆಯನ್ನು. ಬೊಡ್ಡೆ ದಪ್ಪವಿದ್ದಷ್ಟೂ ಬೆಲೆ ಹೆಚ್ಚು. ಆಳೆತ್ತರದ ಗಿಡ ಸಿಕ್ಕರೆ ಗೇಟಿನ ಪಕ್ಕ ನೆಟ್ಟ ದಿನವೇ ಮನೆಗೊಂದು ಕಳೆ ಬರುತ್ತದೆ. ಆದರೆ ಆ ಬೊಡ್ಡೆ ಅಷ್ಟು ದಪ್ಪವಾಗಲು ಎಷ್ಟು ವರ್ಷ ಹಿಡಿಯಿತು, ಆ ವರ್ಷಗಳನ್ನೆಲ್ಲ ಅದು ಎಲ್ಲಿ ಕಳೆಯಿತು ಎಂದು ಕೇಳುವವರು ಕಡಿಮೆ. ಬೀಜದಿಂದ ಹುಟ್ಟಿದ ಸೈಕಾಸ್‌ಗೆ ನೆಲದ ಮೇಲೆ ಬೊಡ್ಡೆ ಮೂಡಲೇ ಹಲವು ವರ್ಷ ಬೇಕು, ಆಳೆತ್ತರಕ್ಕೆ ಬರಲು ದಶಕಗಳೇ ಬೇಕು. ಅಷ್ಟು ಕಾಲ ಒಂದೇ ಗಿಡವನ್ನು ಸಾಕಿ ಮಾರುವ ನರ್ಸರಿ ಅಪರೂಪ. ಅಂಥ ಗಿಡ ಯಾರದೋ ಹಳೆಯ ತೋಟದಿಂದ ಬಂದಿರಬೇಕು, ಇಲ್ಲವೇ ಕಾಡಿನಿಂದ.

ನಮ್ಮ ಪಶ್ಚಿಮ ಘಟ್ಟದಲ್ಲೇ ಹುಟ್ಟಿ ಬೆಳೆಯುವ ಸೈಕಾಸ್ ಒಂದಿದೆ. ಅದರ ಶಾಸ್ತ್ರೀಯ ಹೆಸರು ಸೈಕಾಸ್ ಸರ್ಸಿನಾಲಿಸ್. ಕೇರಳ, ಕರ್ನಾಟಕ, ತಮಿಳುನಾಡು ಮತ್ತು ಮಹಾರಾಷ್ಟ್ರದ ದಕ್ಷಿಣ ಭಾಗ ಬಿಟ್ಟರೆ ಜಗತ್ತಿನ ಬೇರೆಲ್ಲೂ ಇದು ಕಾಡುಗಿಡವಾಗಿ ಇಲ್ಲ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಇದು ‘ಎಂಡೇಂಜರ್ಡ್’ (ಅಳಿವಿನಂಚಿನ) ವರ್ಗದಲ್ಲಿದೆ. ಇದರ ಸಂಖ್ಯೆ ಅರ್ಧಕ್ಕಿಂತ ಹೆಚ್ಚು ಕುಸಿದಿದೆ ಎಂಬ ಅಂದಾಜಿನ ಮೇಲೆ ಅದನ್ನು ಅಲ್ಲಿಗೆ ಸೇರಿಸಲಾಗಿದೆ. ಹೀಗಿದ್ದೂ ಕರಾವಳಿಯ ಗುಡ್ಡದಲ್ಲಿ, ಕೊಡಗಿನ ಅಂಚಿನ ಕಾಡಿನಲ್ಲಿ ಇದನ್ನು ಕಂಡವರು ‘ಇದೇನು, ಬೇಕಾದಷ್ಟಿದೆಯಲ್ಲ’ ಅನ್ನುತ್ತಾರೆ. ಇಲ್ಲೇ ಮೋಸವಿರುವುದು. ಒಂದು ಸೈಕಾಸ್ ಮರ ನೂರು ವರ್ಷ ಬದುಕಬಲ್ಲದು. ಆದ್ದರಿಂದ ದೊಡ್ಡ ಮರಗಳು ಕಣ್ಣಿಗೆ ಕಂಡ ಮಾತ್ರಕ್ಕೆ ಆ ಸಂತತಿ ಉಳಿದಿದೆ ಎಂದು ಹೇಳಲಾಗದು. ಮರದ ಕೆಳಗೆ ಎಳೆಗಿಡಗಳಿವೆಯೇ, ಸುತ್ತಮುತ್ತ ಗಂಡು ಮರವೂ ಹೆಣ್ಣು ಮರವೂ ಇವೆಯೇ ಎಂದು ನೋಡಬೇಕು. ಎರಡಕ್ಕೂ ಉತ್ತರ ‘ಇಲ್ಲ’ ಎಂದಾದರೆ, ಎಷ್ಟೇ ಹಸಿರಾಗಿ ಕಂಡರೂ ಆ ಗುಂಪಿನದು ಇದೇ ಕೊನೆಯ ತಲೆಮಾರು.

ಈ ಗಿಡವನ್ನು ಗುರುತು ಹಿಡಿಯಬೇಕೆನ್ನುವವರಿಗೆ, ಮನೆಯಲ್ಲೋ ತೋಟದಲ್ಲೋ ಬೆಳೆಸಬೇಕೆನ್ನುವವರಿಗೆ, ತಮ್ಮ ಜಾಗದಲ್ಲಿ ಈಗಾಗಲೇ ಇರುವುದನ್ನು ಉಳಿಸಿಕೊಳ್ಳಬೇಕೆನ್ನುವವರಿಗೆ ಈ ಬರಹ.

ಈಚಲೂ ಅಲ್ಲ, ತಾಳೆಯೂ ಅಲ್ಲ

ದೂರದಿಂದ ನೋಡಿದರೆ ಈಚಲೋ ಎಳೆಯ ತೆಂಗೋ ಅನ್ನಿಸುತ್ತದೆ. ಹಲವೆಡೆ ಇದನ್ನು ಈಚಲಿನ ಜಾತಿಗೇ ಸೇರಿಸಿ ಕರೆಯುವ ರೂಢಿಯೂ ಇದೆ. ಮಲಯಾಳಿಗಳಿಗೆ ಇದು ‘ಈಂದು’. ಪೇಟೆಯಲ್ಲಿ ಎಲ್ಲ ಸೈಕಾಸ್‌ಗಳನ್ನೂ ‘ಸಾಗೋ ಪಾಮ್’ ಎಂದು ಮಾರುತ್ತಾರೆ. ಆದರೆ ತಾಳೆ, ಈಚಲು, ತೆಂಗುಗಳಿಗೂ ಇದಕ್ಕೂ ದೂರದ ನೆಂಟಸ್ತಿಕೆಯೂ ಇಲ್ಲವೆನ್ನಬೇಕು. ಅವು ಹೂಬಿಡುವ ಸಸ್ಯಗಳು. ಸೈಕಾಸ್ ಹೂವನ್ನೇ ಬಿಡುವುದಿಲ್ಲ, ಅದರ ಬೀಜವನ್ನು ಮುಚ್ಚುವ ಕಾಯಿಯೂ ಇಲ್ಲ. ಪೈನ್, ಗಿಂಕ್ಗೊಗಳ ಹಾಗೆ ಇದು ನಗ್ನಬೀಜಿಗಳ ಗುಂಪಿನದು.

ಹತ್ತಿರ ಹೋಗಿ ಒಂದು ಎಲೆಯನ್ನು ಕೈಗೆ ತೆಗೆದುಕೊಳ್ಳಿ. ಎಲೆಯ ಉದ್ದ ಒಂದೂವರೆಯಿಂದ ಎರಡೂವರೆ ಮೀಟರ್. ನಡುದಂಟಿನ ಎರಡೂ ಬದಿಗೆ ಕಿರುಎಲೆಗಳು ಸಾಲಾಗಿ ಹೊರಟಿರುತ್ತವೆ. ಒಂದು ಕಿರುಎಲೆಯನ್ನು ಬೆಳಕಿಗೆ ಹಿಡಿದು ನೋಡಿದರೆ ನಡುವೆ ಒಂದೇ ಒಂದು ನರ ಕಾಣುತ್ತದೆ, ಅಕ್ಕಪಕ್ಕ ಕವಲುನರಗಳ ಸುಳಿವೂ ಇಲ್ಲ. ಈಚಲಿನ ಗರಿಯಲ್ಲೋ ತೆಂಗಿನ ಗರಿಯಲ್ಲೋ ಉದ್ದಕ್ಕೆ ಹತ್ತಾರು ನರಗಳು ಓಡುತ್ತವೆ. ಸೈಕಾಸ್ ಕುಲವನ್ನು ಗುರುತಿಸಲು ಇಷ್ಟು ಸುಲಭದ, ಇಷ್ಟು ಖಚಿತವಾದ ಲಕ್ಷಣ ಬೇರೊಂದಿಲ್ಲ. ಎಲೆತೊಟ್ಟಿನ ಅಂಚಿನಲ್ಲಿ ಚಿಕ್ಕ ಮುಳ್ಳುಗಳಿರುತ್ತವೆ, ಕೈ ಹಾಕುವಾಗ ಜೋಪಾನ.

ಹೊಸ ಎಲೆ ಬರುವ ಹೊತ್ತು ನೋಡಬೇಕಾದ್ದು. ಇದು ತೆಂಗಿನ ಹಾಗೆ ಒಂದರ ಹಿಂದೊಂದು ಎಲೆ ಬಿಡುವುದಿಲ್ಲ. ಬೊಡ್ಡೆಯ ತುದಿಯಿಂದ ಇಡೀ ಸುತ್ತು ಒಟ್ಟಿಗೆ ಏಳುತ್ತದೆ. ಎಳೆಯ ಕಿರುಎಲೆ ಒಂದೊಂದೂ ಚಕ್ಕುಲಿಯ ಹಾಗೆ ಒಳಕ್ಕೆ ಸುತ್ತಿಕೊಂಡಿದ್ದು, ಮೈಮೇಲೆ ನಸುಗಂದು ರೋಮ ಹೊತ್ತು, ಮುಟ್ಟಿದರೆ ಮೆತ್ತಗಿರುತ್ತದೆ. ಕೆಲವೇ ದಿನಗಳಲ್ಲಿ ಸುರುಳಿ ಬಿಚ್ಚಿ, ರೋಮ ಉದುರಿ, ಹೊಳೆಯುವ ಹಸಿರು ತಾಳುತ್ತದೆ. 1753ರಲ್ಲಿ ಸಸ್ಯಶಾಸ್ತ್ರಜ್ಞ ಲಿನೆಯಸ್ ಈ ಜಾತಿಗೆ ಹೆಸರಿಟ್ಟದ್ದು ಈ ಸುರುಳಿಯನ್ನು ಲಕ್ಷ್ಯದಲ್ಲಿಟ್ಟುಕೊಂಡು. ಆದರೆ ಆತ ಮಲಬಾರಿಗೆ ಬಂದವನಲ್ಲ. ಕೊಚ್ಚಿಯಲ್ಲಿದ್ದ ಡಚ್ ಅಧಿಕಾರಿ ವಾನ್ ರೀಡ್ 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಹೊರತಂದ ‘ಹೋರ್ಟಸ್ ಮಲಬಾರಿಕಸ್’ನಲ್ಲಿ ಈ ಮರದ ಚಿತ್ರಗಳು ‘ತೊಡ್ಡ ಪಣ್ಣ’ ಎಂಬ ಹೆಸರಿನಲ್ಲಿವೆ. ಲಿನೆಯಸ್ ನೆಚ್ಚಿಕೊಂಡದ್ದು ಅವನ್ನೇ. ಇಟ್ಟಿ ಅಚ್ಯುತನ್ ಅವರಂಥ ಮಲಬಾರಿನ ನಾಟಿ ವೈದ್ಯರ ತಿಳಿವಳಿಕೆ ಆ ಗ್ರಂಥದ ಬೆನ್ನಿಗಿತ್ತು. ಜಗತ್ತಿನ ಎಲ್ಲ ಸೈಕಾಸ್‌ಗಳಿಗೂ ಕುಲದ ಮಾದರಿ ಎನಿಸಿಕೊಂಡದ್ದು ನಮ್ಮ ಘಟ್ಟದ ಈ ಮರವೇ.

ತೋಟಗಾರರು ಬಹಳ ಸಲ ಎಡವುವುದು ಜಪಾನಿನ ಸೈಕಾಸ್ ರೆವಲ್ಯೂಟಾ ವಿಷಯದಲ್ಲಿ. ನರ್ಸರಿಗಳಲ್ಲಿ ಅತಿ ಹೆಚ್ಚು ಮಾರಾಟವಾಗುವುದು ಅದು. ಅದರ ಎಲೆ ಗಿಡ್ಡ, ಗಟ್ಟಿ. ಕಿರುಎಲೆ ಇಕ್ಕಟ್ಟು, ಅಂಚು ಕೆಳಮುಖವಾಗಿ ಮಡಚಿರುತ್ತದೆ, ತುದಿ ಚುಚ್ಚುತ್ತದೆ. ನಮ್ಮದರ ಕಿರುಎಲೆ ಅಗಲ, ಚಪ್ಪಟೆ, ಬಾಗುವಂಥದ್ದು. ಎಲೆ ಒಟ್ಟಾರೆ ಕಮಾನಿನಂತೆ ಇಳಿಬೀಳುತ್ತದೆ. ಅಂಗಳಕ್ಕೆ ಒಂದು ಅಲಂಕಾರದ ಸೈಕಾಸ್ ಇದ್ದರೆ ಸಾಕು ಎನ್ನುವವರು ನರ್ಸರಿಯಲ್ಲಿ ಬೆಳೆಸಿದ ಜಪಾನಿನದನ್ನೇ ಕೊಳ್ಳಲಿ, ಅದರಿಂದ ಘಟ್ಟದ ಕಾಡಿಗೆ ನಷ್ಟವಿಲ್ಲ.

ಇನ್ನೊಂದು ತೊಡಕೂ ಇದೆ. ಹಿಂದೆ ಸಸ್ಯಶಾಸ್ತ್ರಜ್ಞರು ಆಫ್ರಿಕದ ಪೂರ್ವ ಕರಾವಳಿಯಿಂದ ಪೆಸಿಫಿಕ್ ದ್ವೀಪಗಳವರೆಗಿನ ಹಲವು ಸೈಕಾಸ್‌ಗಳನ್ನು ಸರ್ಸಿನಾಲಿಸ್ ಎಂಬ ಒಂದೇ ಹೆಸರಿನಲ್ಲಿ ಸೇರಿಸಿದ್ದರು. ಕಳೆದ ಶತಮಾನದ ಕೊನೆಯಲ್ಲಿ ಅವನ್ನೆಲ್ಲ ಬೇರ್ಪಡಿಸಲಾಯಿತು. ಹಳೆಯ ಪುಸ್ತಕ ಓದುವಾಗ ಇದು ನೆನಪಿರಲಿ. ಕರ್ನಾಟಕದೊಳಗೂ ಕಥೆ ಮುಗಿದಿಲ್ಲ. ‘ಹಸುರು ಹೊನ್ನು’ ಬರೆದ ಬಿ.ಜಿ.ಎಲ್. ಸ್ವಾಮಿಯವರು 1948ರಲ್ಲಿ ಮೈಸೂರು ಸೀಮೆಯ ಒಂದು ಸೈಕಾಸ್‌ನ ಜೀವನಚರಿತ್ರೆಯನ್ನು ಅಮೆರಿಕದ ಸಸ್ಯಶಾಸ್ತ್ರ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. 2008ರಲ್ಲಿ ಕರ್ನಾಟಕದ ಒಂದು ಸೈಕಾಸನ್ನು ಹೊಸ ಜಾತಿಯೆಂದು ವಿವರಿಸಿದವರು ಅದಕ್ಕೆ ಸೈಕಾಸ್ ಸ್ವಾಮಿಯೈ ಎಂದು ಅವರ ಹೆಸರನ್ನೇ ಇಟ್ಟರು. ಕನ್ನಡದಲ್ಲಿ ಸಸ್ಯಗಳನ್ನು ಕುರಿತು ಅಷ್ಟು ಪ್ರೀತಿಯಿಂದ ಬರೆದವರ ಹೆಸರು ಒಂದು ಗಿಡಕ್ಕೆ ಅಂಟಿಕೊಂಡದ್ದು ನನಗೆ ತುಂಬ ಸಂತೋಷ ಕೊಡುವ ಸಂಗತಿ.

ಗಂಡು ಮರ, ಹೆಣ್ಣು ಮರ

ಎಲೆ ನೋಡಿ ಗಂಡು ಹೆಣ್ಣು ತಿಳಿಯುವುದಿಲ್ಲ. ಮರ ವಯಸ್ಸಿಗೆ ಬಂದು ಶಂಕು ಬಿಡುವವರೆಗೆ ಕಾಯಬೇಕು. ಬೀಜದಿಂದ ಬೆಳೆಸಿದವರಿಗೆ ಹತ್ತು ವರ್ಷಕ್ಕೂ ಮಿಕ್ಕ ಕಾಯುವಿಕೆ ಅದು.

ಗಂಡು ಮರದ ನೆತ್ತಿಯಲ್ಲಿ ಮೊಳದುದ್ದದ, ಮೊಟ್ಟೆಯಾಕಾರದ ಕಿತ್ತಳೆಗಂದು ಬಣ್ಣದ ಶಂಕು ನೆಟ್ಟಗೆ ನಿಲ್ಲುತ್ತದೆ. ಅದರ ಮೈಯೆಲ್ಲ ಒತ್ತೊತ್ತಾಗಿ ಜೋಡಿಸಿದ ಹುರುಪೆಗಳು, ಪ್ರತಿ ಹುರುಪೆಯ ತುದಿ ಮೇಲಕ್ಕೆ ಕೊಕ್ಕೆಯಾಗಿ ಬಾಗಿದ ಮುಳ್ಳು. ಬಲಿತಾಗ ಹುರುಪೆಗಳು ಸಡಿಲವಾಗಿ ಅಡಿಯಿಂದ ಹಳದಿ ಪರಾಗ ಉದುರುತ್ತದೆ. ಆ ದಿನಗಳಲ್ಲಿ ಹತ್ತಿರ ಹೋದರೆ ಘಾಟು ವಾಸನೆ ಬರುತ್ತದೆ. ಸೈಕಾಸ್ ಕುಲದ ಗಂಡು ಶಂಕುಗಳು ಸುತ್ತಲಿನ ಗಾಳಿಗಿಂತ ಬೆಚ್ಚಗಾಗುತ್ತವೆ. ಆ ಕಾವು ವಾಸನೆಯನ್ನು ಹರಡಿ ಸಣ್ಣ ದುಂಬಿಗಳನ್ನು ಕರೆಯುತ್ತದೆ.

ಹೆಣ್ಣು ಮರದಲ್ಲಿ ಇಂಥ ಶಂಕು ಇಲ್ಲ. ನೆತ್ತಿಯಲ್ಲಿ ಕಂದು ರೋಮ ಹೊದ್ದ, ಅಂಗೈಯಷ್ಟೋ ಅದಕ್ಕಿಂತ ಉದ್ದವೋ ಇರುವ ಮಾರ್ಪಟ್ಟ ಎಲೆಗಳು ಸಡಿಲವಾಗಿ ಗುಂಪುಗೂಡಿರುತ್ತವೆ. ಒಂದನ್ನು ಮೆಲ್ಲಗೆ ಬಾಗಿಸಿ ನೋಡಿ. ತುದಿ ಈಟಿಯ ಆಕಾರಕ್ಕೆ ಅಗಲವಾಗಿ, ಅಂಚಿನಲ್ಲಿ ಸಣ್ಣ ಹಲ್ಲುಗಳಿರುತ್ತವೆ. ಕೆಳಗಿನ ದಂಟಿನ ಎರಡು ಬದಿಗೆ ಅಂಡಕಗಳು ಅಂಟಿಕೊಂಡಿರುತ್ತವೆ, ಒಂದೊಂದರಲ್ಲಿ ನಾಲ್ಕರಿಂದ ಹತ್ತು. ಯಾವ ಮುಚ್ಚಳವೂ ಇಲ್ಲದೆ ಬೀಜ ಹೀಗೆ ಎಲೆಯ ಅಂಚಿನಲ್ಲೇ ಬೆಳೆಯುವುದನ್ನು ಸೈಕಾಸ್ ಬಿಟ್ಟರೆ ಬೇರೆಲ್ಲೂ ಇಷ್ಟು ಸ್ಪಷ್ಟವಾಗಿ ನೋಡಲಾರೆವು. ಪಿಯುಸಿ ಮಕ್ಕಳಿಗೆ ಪುಸ್ತಕದ ಚಿತ್ರ ತೋರಿಸುವುದಕ್ಕಿಂತ ಒಂದು ಹೆಣ್ಣು ಸೈಕಾಸ್ ಮುಂದೆ ನಿಲ್ಲಿಸುವುದು ಮೇಲು.

1896ರಲ್ಲಿ ಜಪಾನಿನ ಇಕೆನೊ ಎಂಬ ವಿಜ್ಞಾನಿ ಸೈಕಾಸ್‌ನ ವೀರ್ಯಾಣು ಈಜುತ್ತದೆ ಎಂದು ಕಂಡುಹಿಡಿದರು. ಅಂಡಕದೊಳಗಿನ ಹನಿ ದ್ರವದಲ್ಲಿ, ಮೈಸುತ್ತ ಸಾವಿರಾರು ರೋಮಗಳನ್ನು ಬಡಿಯುತ್ತ ಅದು ಸಾಗುತ್ತದೆ. ಬೀಜ ಬಿಡುವ ಸಸ್ಯಗಳಲ್ಲಿ ಈ ಈಜು ಉಳಿದುಕೊಂಡದ್ದು ಸೈಕಾಡ್ ಎನ್ನುವ ಸೈಕಾಸ್ ಬಳಗಕ್ಕೆ ಮತ್ತು ಗಿಂಕ್ಗೊಗೆ ಮಾತ್ರ. ಸೈಕಾಡ್ ಗುಂಪನ್ನು ‘ಡೈನೋಸಾರ್ ಕಾಲದ ಗಿಡ’ ಎಂದು ಕರೆಯುವ ಚಾಳಿಯಿದೆ. ವಂಶ ಹಳೆಯದು ನಿಜ, 28 ಕೋಟಿ ವರ್ಷಗಳಷ್ಟು ಹಿಂದಕ್ಕೆ ಹೋಗುತ್ತದೆ. ಆದರೆ ಇಂದು ಕಾಣುವ ಜಾತಿಗಳು ಬಹುಮಟ್ಟಿಗೆ ಕಳೆದ ಸುಮಾರು 1.2 ಕೋಟಿ ವರ್ಷಗಳಲ್ಲಿ ಕವಲೊಡೆದವು ಎಂದು 2011ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನ ತೋರಿಸಿತು. ಹಾಗಾಗಿ ‘ಅಷ್ಟೆಲ್ಲ ಪ್ರಳಯ ದಾಟಿದ ಗಿಡ, ಇದಕ್ಕೇನಾಗುತ್ತದೆ’ ಎನ್ನುವ ನೆಮ್ಮದಿಗೆ ಆಧಾರವಿಲ್ಲ.

ಗಂಡು ಹೆಣ್ಣು ಬೇರೆ ಬೇರೆ ಮರವಾಗಿರುವುದರ ಅಪಾಯ ಎಂಥದ್ದು ಎಂಬುದಕ್ಕೆ ದಕ್ಷಿಣ ಆಫ್ರಿಕದ ಎನ್ಸೆಫಲಾರ್ಟೋಸ್ ವುಡೈ ಎಂಬ ಸೈಕಾಡ್ ಸಾಕ್ಷಿ. 1895ರಲ್ಲಿ ಓಂಗೋಯೆ ಕಾಡಿನಲ್ಲಿ ಅದರ ಒಂದೇ ಒಂದು ಗುಂಪು ಸಿಕ್ಕಿತು, ಅದೂ ಗಂಡು. ಅದರ ಮರಿಗಳನ್ನು ತಂದು ಲಂಡನ್ನಿನ ಕ್ಯೂ ಉದ್ಯಾನದಲ್ಲೂ ಇನ್ನೂ ಹಲವೆಡೆಯೂ ಬೆಳೆಸಿದ್ದಾರೆ. ಹೆಣ್ಣು ಗಿಡ ಇಂದಿನವರೆಗೆ ಸಿಕ್ಕಿಲ್ಲ. ನಮ್ಮ ಗುಡ್ಡವೊಂದರಲ್ಲಿ ಮೂರೋ ನಾಲ್ಕೋ ಮರ ಉಳಿದು, ಅವೆಲ್ಲ ಒಂದೇ ಲಿಂಗದವಾದರೆ, ಸಣ್ಣ ಪ್ರಮಾಣದಲ್ಲಿ ಅದೇ ಗತಿ.

ಎಲೆ, ತಿರುಳು, ಶಂಕು: ಮೂರು ಕೊಯ್ಲು

ಘಟ್ಟದ ಸೈಕಾಸ್ ಕುಸಿಯಲು ಕಾಡು ಕಡಿದು ತೋಟ, ರಸ್ತೆ, ಬಡಾವಣೆ ಮಾಡಿದ್ದು ಮೊದಲ ಕಾರಣ. ಈ ಮರ ಬೆಳೆಯುವುದು ಸಮುದ್ರ ಮಟ್ಟದಿಂದ ಹಿಡಿದು ಸುಮಾರು ಸಾವಿರ ಮೀಟರ್ ಎತ್ತರದವರೆಗಿನ ಎಲೆಯುದುರು ಕಾಡು ಮತ್ತು ಕಲ್ಲುಗುಡ್ಡಗಳಲ್ಲಿ. ಮನುಷ್ಯ ಮೊದಲು ಕೈಹಾಕಿದ್ದೂ ಅದೇ ಎತ್ತರದ ಜಾಗಗಳಿಗೆ.

ಎರಡನೆಯ ಕಾರಣ ಕೊಯ್ಲು. ಮದುವೆ ಚಪ್ಪರಕ್ಕೆ, ಕಮಾನಿಗೆ, ಹೂಗುಚ್ಛಕ್ಕೆ ಎಲೆ ಹೋಗುತ್ತದೆ. ಎಲೆ ತಾನೇ, ಮತ್ತೆ ಬರುತ್ತದೆ ಅನ್ನಿಸುತ್ತದೆ. ಬರುತ್ತದೆ, ಆದರೆ ಬೊಡ್ಡೆಯಲ್ಲಿ ಕೂಡಿಟ್ಟ ಪಿಷ್ಟ ಖರ್ಚು ಮಾಡಿ ಬರುತ್ತದೆ. ಸುತ್ತುಗಟ್ಟಲೆ ಎಲೆ ಮತ್ತೆ ಮತ್ತೆ ಕಳೆದುಕೊಂಡ ಮರಕ್ಕೆ ಶಂಕು ಬಿಡುವ ಶಕ್ತಿ ಉಳಿಯುವುದಿಲ್ಲ. ಔಷಧಿಗೆಂದು ಗಂಡು ಶಂಕು ಕೊಯ್ಯುತ್ತಾರೆ. ಮರ ಸಾಯುವುದಿಲ್ಲ, ಆದರೆ ಆ ವರ್ಷ ಆ ಗುಡ್ಡದಲ್ಲಿ ಪರಾಗವಿಲ್ಲ. ತಿರುಳಿಗಾಗಿ ಬೊಡ್ಡೆ ಕಡಿದರಂತೂ ಕೆಲವು ದಶಕಗಳ ಬೆಳೆ ಒಂದು ದಿನದಲ್ಲಿ ಮುಗಿಯಿತು. ನೀಲಗಿರಿಯ ಕೋತಗಿರಿಯಲ್ಲಿರುವ ಕೀಸ್ಟೋನ್ ಫೌಂಡೇಶನ್‌ನವರು ಹವಾಯಿ ವಿಶ್ವವಿದ್ಯಾಲಯದ ಸಂಶೋಧಕರ ಜತೆಗೂಡಿ ಈ ಕೊಯ್ಲಿನ ಪರಿಣಾಮವನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದ್ದಾರೆ. ಕಾಡಿನ ಜನರ ಜತೆ ಕೂತು ಲೆಕ್ಕ ಹಾಕದೆ ಈ ಮರವನ್ನು ಉಳಿಸುವ ದಾರಿಯಿಲ್ಲ ಎಂಬುದು ನನ್ನ ನಂಬಿಕೆ. ಬೀಜವನ್ನು ತಲೆಮಾರುಗಳಿಂದ ಆಹಾರವಾಗಿ ಬಳಸಿದವರೇ ಮರವನ್ನು ಕಾದುಕೊಂಡೂ ಬಂದವರು.

ಸ್ವಂತ ಜಾಗದಲ್ಲಿ ಮರವಿದ್ದು, ಹಬ್ಬಕ್ಕೋ ಮದುವೆಗೋ ಎಲೆ ಬೇಕೇ ಬೇಕು ಎಂದರೆ ಹೊರಸುತ್ತಿನ, ಇಳಿಬಿದ್ದ ಹಳೆಯ ಎಲೆಗಳನ್ನು ಮಾತ್ರ ಕೊಯ್ಯಿರಿ. ಒಳಗಿನ ಹೊಸ ಸುತ್ತನ್ನು ಮುಟ್ಟಬೇಡಿ. ಅರ್ಧಕ್ಕಿಂತ ಹೆಚ್ಚು ಎಲೆ ಮರದ ಮೇಲೇ ಇರಲಿ. ಹೆಣ್ಣು ಮರದಲ್ಲಿ ಬೀಜ ಕಟ್ಟುತ್ತಿರುವ ವರ್ಷ ಒಂದು ಎಲೆಯನ್ನೂ ತೆಗೆಯದಿದ್ದರೆ ಒಳ್ಳೆಯದು.

ಬೆಂಕಿಯ ಮಾತನ್ನೂ ಹೇಳಬೇಕು. ಬೊಡ್ಡೆಯ ಸುತ್ತ ಹಳೆಯ ಎಲೆತೊಟ್ಟುಗಳ ಬುಡ ಕವಚದಂತೆ ಉಳಿದಿರುವುದರಿಂದ ದೊಡ್ಡ ಮರ ಕಾಡ್ಗಿಚ್ಚು ತಾಳಿಕೊಳ್ಳುತ್ತದೆ, ಬೆಂಕಿಯಾದ ಮೇಲೆ ಹೊಸ ಸುತ್ತನ್ನೂ ಬಿಡುತ್ತದೆ. ಸಾಯುವುದು ಎಳೆಗಿಡಗಳು. ಬ್ಯಾಣಕ್ಕೆ ಪ್ರತಿ ಬೇಸಿಗೆಯಲ್ಲಿ ಬೆಂಕಿ ಕೊಡುವ ಕಡೆ ದೊಡ್ಡ ಸೈಕಾಸ್‌ಗಳು ಮಾತ್ರ ಕಾಣುವುದು ಇದಕ್ಕೇ.

ಬೀಜದ ವಿಷ

ಸೈಕಾಸ್‌ನ ಬೀಜ, ಎಲೆ, ತಿರುಳು ಎಲ್ಲದರಲ್ಲೂ ಸೈಕಾಸಿನ್ ಎಂಬ ವಿಷವಿದೆ. ಅದು ಯಕೃತ್ತನ್ನು ಕೆಡಿಸುತ್ತದೆ. ಪ್ರಯೋಗಾಲಯದ ಇಲಿಗಳಲ್ಲಿ ಕ್ಯಾನ್ಸರ್ ತಂದದ್ದೂ ದಾಖಲಾಗಿದೆ. ಬೀಜದ ಹೊರ ಸಿಪ್ಪೆ ಕಿತ್ತಳೆ ಹಳದಿಯಾಗಿ ಹಣ್ಣಿನಂತೆ ಕಾಣುವುದರಿಂದ ಚಿಕ್ಕ ಮಕ್ಕಳಿರುವ ಮನೆಯಲ್ಲಿ ಉದುರಿದ್ದನ್ನು ಕೂಡಲೇ ಹೆಕ್ಕಿ ತೆಗೆಯಬೇಕು. ನಾಯಿ ಸಾಕಿದವರು ಇನ್ನೂ ಜಾಗ್ರತೆ. ಒಂದೆರಡು ಬೀಜ ಅಗಿದ ನಾಯಿಯೂ ಸಾಯಬಹುದು. ವಾಂತಿ, ಮಂಕು ಕಂಡರೆ ಕಾಯದೆ ಪಶುವೈದ್ಯರ ಹತ್ತಿರ ಒಯ್ಯಿರಿ, ತಿಂದದ್ದು ಸೈಕಾಸ್ ಬೀಜ ಎಂದು ಅವರಿಗೆ ಹೇಳಿ. ಸೈಕಾಡ್ ಎಲೆ ಮೇಯ್ದ ದನಗಳಿಗೆ ಹಿಂಗಾಲು ಸೋಲುವ ಕಾಯಿಲೆ ಆಸ್ಟ್ರೇಲಿಯದಲ್ಲಿ ಹೆಸರಾಂತದ್ದು. ಕತ್ತರಿಸಿದ ಎಲೆಯನ್ನು ಕೊಟ್ಟಿಗೆಯ ಹತ್ತಿರ ಹಾಕಬೇಡಿ.

ಹಾಗಿದ್ದರೆ ಮಲಬಾರಿನವರು ‘ಈಂದ್ ಪಿಡಿ’ ಮಾಡಿ ಉಣ್ಣುವುದು ಹೇಗೆ? ವಿಷ ನೀರಿನಲ್ಲಿ ಕರಗುವಂಥದ್ದು. ಬೀಜ ಒಡೆದು, ಬಿಸಿಲಿಗೆ ಒಣಗಿಸಿ, ದಿನಗಟ್ಟಲೆ ನೆನೆಹಾಕಿ, ನೀರನ್ನು ಮತ್ತೆ ಮತ್ತೆ ಚೆಲ್ಲಿ, ಮತ್ತೆ ಒಣಗಿಸಿದ ಮೇಲೆ ಹಿಟ್ಟು ಮಾಡುತ್ತಾರೆ. ಮಳೆಗಾಲದ ಹಸಿವಿನ ದಿನಗಳಿಗೆ ಅದು ಆಧಾರವಾಗಿತ್ತು. ಆ ಕೈಗಳಿಗೆ ತಿಳಿದದ್ದು ಓದಿ ಕಲಿಯುವ ವಿದ್ಯೆಯಲ್ಲ. ಒಂದು ಹಂತ ತಪ್ಪಿದರೂ ವಿಷ ಉಳಿಯುತ್ತದೆ. ಆದ್ದರಿಂದ ನಾನು ಇಲ್ಲಿ ಅಳತೆ, ದಿನ ಕೊಡುವುದಿಲ್ಲ. ಮನೆಯಲ್ಲಿ ಪ್ರಯೋಗ ಮಾಡಲೇಬೇಡಿ. ಪೆಸಿಫಿಕ್‌ನ ಗುವಾಮ್ ದ್ವೀಪದಲ್ಲಿ ಕೈಕಾಲು ಸೋಲಿಸುವ, ಮರೆವು ತರುವ ಒಂದು ನರರೋಗಕ್ಕೂ ಅಲ್ಲಿನ ಸೈಕಾಸ್ ಹಿಟ್ಟಿಗೂ ನಂಟಿದೆಯೇ ಎಂಬ ಚರ್ಚೆ ದಶಕಗಳಿಂದ ನಡೆದಿದೆ, ಇನ್ನೂ ಇತ್ಯರ್ಥವಾಗಿಲ್ಲ. ಹಳೆಯ ವೈದ್ಯಕೀಯ ಬರಹಗಳಲ್ಲಿ ಆ ಗಿಡಕ್ಕೆ ಸರ್ಸಿನಾಲಿಸ್ ಎಂದೇ ಹೆಸರಿದೆ. ಅದು ನಮ್ಮ ಮರವಲ್ಲ, 1994ರಲ್ಲಿ ಬೇರೆ ಹೆಸರು ಪಡೆದ ಸೈಕಾಸ್ ಮೈಕ್ರೊನೇಸಿಕಾ.

ಅಂದ ಹಾಗೆ ‘ಸಾಗೋ ಪಾಮ್’ ಎಂಬ ಹೆಸರಿದ್ದರೂ ನಾವು ಪಾಯಸಕ್ಕೆ, ಸಂಡಿಗೆಗೆ ಬಳಸುವ ಸಬ್ಬಕ್ಕಿಗೂ ಇದಕ್ಕೂ ಸಂಬಂಧವಿಲ್ಲ. ನಮ್ಮ ಸಬ್ಬಕ್ಕಿ ಮರಗೆಣಸಿನದು, ಅದರ ಬಹುಪಾಲು ತಮಿಳುನಾಡಿನ ಸೇಲಂ ಸುತ್ತಲಿಂದ ಬರುತ್ತದೆ.

ಬೀಜದಿಂದ ಸಸಿ

ಬೀಜ ಆರಿಸುವಾಗಲೇ ಒಂದು ಗುಟ್ಟು ಗೊತ್ತಿರಬೇಕು. ಸೈಕಾಸ್‌ನ ಅಂಡಕ ಪರಾಗ ಸಿಗದಿದ್ದರೂ ಬೀಜದ ಗಾತ್ರಕ್ಕೆ ಊದಿಕೊಳ್ಳುತ್ತದೆ, ಬಣ್ಣವೂ ತಿರುಗುತ್ತದೆ. ಸುತ್ತ ಗಂಡು ಮರವಿಲ್ಲದ ಒಂಟಿ ಹೆಣ್ಣು ಮರದ ಕೆಳಗೆ ರಾಶಿ ಬಿದ್ದ ಬೀಜಗಳನ್ನು ಬಿತ್ತಿ ವರ್ಷ ಕಾದು ಬೇಸತ್ತವರಿದ್ದಾರೆ. ಬೀಜ ತಂದ ಮೇಲೆ ಕೈಗವಸು ಹಾಕಿಕೊಂಡು ಹೊರಗಿನ ತಿರುಳಿನಂಥ ಸಿಪ್ಪೆಯನ್ನು ಪೂರ್ತಿ ತೆಗೆಯಿರಿ. ಮೊಳಕೆಯನ್ನು ತಡೆಯುವ ಅಂಶ ಅದರಲ್ಲಿದೆ. ತೊಳೆದು ನೀರಿಗೆ ಹಾಕಿ. ಮುಳುಗಿದ್ದು ಬಹುಮಟ್ಟಿಗೆ ಒಳ್ಳೆಯದು, ತೇಲಿದ್ದು ಜೊಳ್ಳು. ದ್ವೀಪಗಳ ಸೈಕಾಸ್ ರಂಫೈ ಮುಂತಾದವಕ್ಕೆ ಈ ಪರೀಕ್ಷೆ ನಡೆಯದು, ಅವುಗಳ ಬೀಜದೊಳಗೆ ಬೆಂಡಿನಂಥ ಪದರವಿದ್ದು ಸಮುದ್ರದಲ್ಲೂ ತೇಲಿ ಹೋಗುತ್ತವೆ. ನಮ್ಮದರಲ್ಲಿ ಆ ಪದರವಿಲ್ಲ. ಅನುಮಾನವಿದ್ದರೆ ಒಂದೆರಡು ಬೀಜ ಒಡೆದು ನೋಡಿ: ಒಳತಿರುಳು ಬಿಳಿಯಾಗಿ ಗಟ್ಟಿಯಾಗಿರಬೇಕು.

ಮುಳುಗಿದ ಬೀಜವೂ ತಕ್ಷಣ ಮೊಳೆಯುವುದಿಲ್ಲ. ಮರದಿಂದ ಬಿದ್ದ ಮೇಲೂ ಅದರೊಳಗಿನ ಭ್ರೂಣ ಬಲಿಯಲು ತಿಂಗಳುಗಳು ಬೇಕು. ಹಾಗಂತ ಒಣಗಿಸಿ ಡಬ್ಬಿಯಲ್ಲಿ ಇಡುವಂತಿಲ್ಲ, ಒಣಗಿದರೆ ಸಾಯುತ್ತದೆ. ಬತ್ತ, ರಾಗಿಯಂತೆ ಬೀಜ ಬ್ಯಾಂಕಿನಲ್ಲಿ ಇದನ್ನು ವರ್ಷಗಟ್ಟಲೆ ಕಾಪಿಡಲಾಗದು. ಆದುದರಿಂದಲೇ ಸೈಕಾಸ್ ಉಳಿಯಬೇಕಾದರೆ ನೆಲದಲ್ಲಿ ಜೀವಂತ ಗಿಡವಾಗಿಯೇ ಉಳಿಯಬೇಕು. ಲಖನೌದ ರಾಷ್ಟ್ರೀಯ ಸಸ್ಯಶಾಸ್ತ್ರ ಸಂಶೋಧನಾ ಸಂಸ್ಥೆಯಲ್ಲಿ ಸೈಕಾಡ್‌ಗಳಿಗೆಂದೇ ಒಂದು ಮನೆಯಿದೆ. ಮನೆಯಂಗಳದ ಹತ್ತು ಸಸಿಯೂ ಅದೇ ಕೆಲಸದ ಸಣ್ಣ ಭಾಗ.

ಎರಡು ಪಾಲು ದಪ್ಪ ಮರಳು, ಒಂದು ಪಾಲು ತೆಂಗಿನ ನಾರಿನ ಪುಡಿ ಸೇರಿಸಿ ನೆರಳಲ್ಲಿ ಮಡಿ ಮಾಡಿ. ಬೀಜವನ್ನು ಅಡ್ಡಲಾಗಿ ಮಲಗಿಸಿ, ಅರ್ಧ ಮಾತ್ರ ಹೂಳಿ. ತೇವ ಆರದಿರಲಿ, ನೀರು ನಿಲ್ಲದಿರಲಿ. ಮಳೆಗಾಲದಲ್ಲಿ ಮೇಲೊಂದು ಹೊದಿಕೆ ಬೇಕೇ ಬೇಕು, ಮಲೆನಾಡಿನ ಮಳೆಗೆ ಕೊಳೆಯದ ಬೀಜವಿಲ್ಲ. ಹಂದಿ, ಇಲಿ ಬರುವ ಕಡೆ ಬಲೆ ಹಾಕಿ. ಮೊಳಕೆಗೆ ಕೆಲವು ತಿಂಗಳು, ಕೆಲವಕ್ಕೆ ವರ್ಷದ ಹತ್ತಿರವೂ ಹಿಡಿಯುತ್ತದೆ. ಎಲ್ಲವೂ ಒಟ್ಟಿಗೆ ಏಳುವುದಿಲ್ಲ, ಮಡಿಯನ್ನು ಬೇಗ ಕಿತ್ತು ಹಾಕಬೇಡಿ.

ಮೊದಲು ಇಳಿಯುವುದು ಬೇರು, ಅದೂ ಗಜ್ಜರಿಯಂತೆ ದಪ್ಪನೆಯ ತಾಯಿಬೇರು. ಆಮೇಲೆ ಒಂದೇ ಒಂದು ಎಲೆ. ಬೇರು ಮುರಿಯದ ಹಾಗೆ ಉದ್ದನೆಯ ಕೊಟ್ಟೆಗೆ ದಾಟಿಸಿ. ಕೆಲವು ಕಾಲದ ನಂತರ ಮಣ್ಣಿನ ಮೇಲ್ಮೈಯಲ್ಲಿ ಮೇಲಕ್ಕೆ ಕವಲೊಡೆದು ಬೆಳೆಯುವ ಗಂಟುಗಂಟಾದ ಬೇರುಗಳು ಕಂಡರೆ ರೋಗವೆಂದು ಕತ್ತರಿಸಬೇಡಿ. ಅವುಗಳೊಳಗೆ ನೀಲಿ-ಹಸಿರು ಪಾಚಿ ಮನೆ ಮಾಡಿಕೊಂಡು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತದೆ. ಅಡ್ಡಕ್ಕೆ ಕೊಯ್ದರೆ ಒಳಗೆ ಹಸಿರು ಬಳೆ ಕಾಣುತ್ತದೆ. ಕಲ್ಲುಗುಡ್ಡದ ಬಡ ಮಣ್ಣಿನಲ್ಲಿ ಈ ಮರ ನಿಂತಿರುವುದು ಇದರ ಬಲದಿಂದ. ಹೀಗಾಗಿ ಯೂರಿಯಾ ಸುರಿಯುವ ಅಗತ್ಯವಿಲ್ಲ. ವರ್ಷಕ್ಕೊಮ್ಮೆ ಹಳೆಯ ಕೊಟ್ಟಿಗೆ ಗೊಬ್ಬರ ಸಾಕು.

ನೆಡುವಾಗ ಒಂಟಿ ಗಿಡ ನೆಡಬೇಡಿ. ಬೇರೆ ಬೇರೆ ತಾಯಿಮರಗಳ ಬೀಜದ ಎಂಟು ಹತ್ತು ಸಸಿಗಳನ್ನು ಮೂರು ಮೂರು ಮೀಟರ್ ಅಂತರದಲ್ಲಿ ಗುಂಪಾಗಿ ನೆಟ್ಟರೆ ಗಂಡು ಹೆಣ್ಣು ಎರಡೂ ಸಿಗುವ ಸಂಭವ ಹೆಚ್ಚು. ಬೊಡ್ಡೆಯ ಮೇಲೆ ಮೂಡುವ ಮರಿಗಳನ್ನು ಬಿಡಿಸಿ, ಎಲೆ ಕತ್ತರಿಸಿ, ಗಾಯ ಆರಲು ಒಂದು ವಾರ ನೆರಳಿನಲ್ಲಿಟ್ಟು ಮರಳಲ್ಲಿ ಊರಿದರೂ ಬೇರು ಬಿಡುತ್ತವೆ. ಆದರೆ ಮರಿಗಳೆಲ್ಲ ತಾಯಿಯದೇ ಲಿಂಗದವು. ಅಲಂಕಾರಕ್ಕೆ ಸರಿ, ಸಂತತಿಗೆ ಸಾಲದು.

ಗಂಡು ಮರ ಒಂದು ತೋಟದಲ್ಲಿ, ಹೆಣ್ಣು ಮರ ಇನ್ನೊಂದು ಊರಲ್ಲಿ ಇದ್ದರೆ ಕೈಯಿಂದ ಪರಾಗ ಮುಟ್ಟಿಸಬಹುದು. ನಮ್ಮ ಓದುಗರಲ್ಲಿ ಹೆಚ್ಚು ಜನ ಮಾಡಬೇಕಾದ ಕೆಲಸ ಇದೇ ಎಂದು ನನಗನ್ನಿಸುತ್ತದೆ. ಗಂಡು ಶಂಕು ಸಡಿಲವಾದಾಗ ಕೆಳಗೆ ಕಾಗದ ಹಿಡಿದು ಮೆಲ್ಲಗೆ ತಟ್ಟಿ. ಶಂಕನ್ನು ಕೊಯ್ಯುವ ಅಗತ್ಯವಿಲ್ಲ. ಬಿದ್ದ ಪುಡಿಯನ್ನು ಒಂದು ದಿನ ನೆರಳಲ್ಲಿ ಆರಿಸಿ, ಕಾಗದದ ಪೊಟ್ಟಣ ಕಟ್ಟಿ, ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜತೆ ಫ್ರಿಜ್ಜಿನಲ್ಲಿಡಿ. ಹೆಣ್ಣು ಮರದ ನೆತ್ತಿಯ ಎಲೆಗಳು ಬಿಚ್ಚಿಕೊಂಡು, ಅಂಡಕದ ತುದಿಯಲ್ಲಿ ಅಂಟು ಹನಿ ಕಾಣುವ ಬೆಳಗ್ಗೆ, ಮೆತ್ತನೆಯ ಬ್ರಷ್ಷಿನಿಂದ ಒಂದೊಂದಕ್ಕೂ ಪರಾಗ ಸವರಿ. ಎರಡು ಮೂರು ದಿನ ಬಿಟ್ಟು ಮತ್ತೊಮ್ಮೆ ಸವರಿದರೆ ಬಿಟ್ಟುಹೋದವಕ್ಕೂ ಸಿಗುತ್ತದೆ. ಪರಾಗ ಮುಟ್ಟಿದ ಮೇಲೆ ಫಲವಾಗಲೇ ತಿಂಗಳುಗಳು ಹಿಡಿಯುತ್ತವೆ, ಅವಸರ ಬೇಡ.

ಚಿಗುರು ತಿನ್ನುವ ಚಿಟ್ಟೆ, ಬಿಳಿ ಹುರುಪೆ

ಹೊಸ ಸುತ್ತು ಎದ್ದ ವಾರದಲ್ಲೇ ಎಲೆಯೆಲ್ಲ ಕೆರೆದಂತಾಗಿ ಕಂದು ತಿರುಗಿದರೆ ಪ್ಲೇನ್ಸ್ ಕ್ಯೂಪಿಡ್ ಎಂಬ ಪುಟ್ಟ ನೀಲಿ ಚಿಟ್ಟೆಯ ಕಂಬಳಿಹುಳುಗಳ ಕೆಲಸ. ಬೆಂಗಳೂರಿನ ತೋಟಗಳಲ್ಲಿ ಇದು ಸಾಮಾನ್ಯ. ಹುಳುವಿನ ಸುತ್ತ ಇರುವೆಗಳು ಓಡಾಡುತ್ತಿರುತ್ತವೆ, ಅದನ್ನು ನೋಡಿಯೇ ಗುರುತಿಸಬಹುದು. ಮನೆಯ ಗಿಡವಾದರೆ ಚಿಗುರು ಬಲಿಯುವ ಎರಡು ವಾರ ತೆಳುವಾದ ಸೊಳ್ಳೆಪರದೆ ಬಟ್ಟೆ ಸುತ್ತಿ. ವಿಷ ಹೊಡೆಯುವುದು ಬೇಡ. ಆ ಚಿಟ್ಟೆಗೆ ಸೈಕಾಸ್ ಎಲೆಯೇ ಮುಖ್ಯ ಆಹಾರ, ಎಲೆ ಬಲಿತ ಮೇಲೆ ಅದು ತಾನೇ ಬಿಟ್ಟುಹೋಗುತ್ತದೆ.

ಬಿಳಿ ಶಲ್ಕ ಕೀಟದ ವಿಷಯ ಹಾಗಲ್ಲ. ಥಾಯ್ಲೆಂಡ್ ಕಡೆಯ ಸೈಕಾಡ್ ಔಲಕ್ಯಾಸ್ಪಿಸ್ ಎಂಬ ಕೀಟ ಅಲಂಕಾರದ ಗಿಡಗಳ ಜತೆ ದೇಶ ದೇಶ ತಿರುಗಿ 1996ರಲ್ಲಿ ಫ್ಲಾರಿಡಾದಲ್ಲಿ, 2003ರಲ್ಲಿ ಗುವಾಮ್‌ನಲ್ಲಿ ಕಾಣಿಸಿಕೊಂಡಿತು. 2002ರ ಗಣತಿಯಲ್ಲಿ ಗುವಾಮ್‌ನ ಕಾಡುಗಳಲ್ಲಿ ಅತಿ ಹೆಚ್ಚಿದ್ದ ಮರ ಅಲ್ಲಿನ ಸೈಕಾಸೇ. ಕೀಟ ಬಂದ ಕೆಲವೇ ವರ್ಷಗಳಲ್ಲಿ ಆ ಮರ ಅಳಿವಿನಂಚಿನ ಪಟ್ಟಿಗೆ ಸೇರಿತು. ಹೊಸ ಗಿಡ ಕೊಳ್ಳುವಾಗ ಎಲೆಯ ಅಡಿಭಾಗ ತಿರುವಿ, ಬೊಡ್ಡೆಯ ಸಂದಿಗಳಲ್ಲಿ ಕಣ್ಣಾಡಿಸಿ. ಸುಣ್ಣ ಚಿಮುಕಿಸಿದಂಥ ಬಿಳಿ ಚುಕ್ಕೆಗಳಿದ್ದರೆ ತರಬೇಡಿ. ತಂದ ಗಿಡವನ್ನೂ ಒಂದು ತಿಂಗಳು ಬೇರೆಯೇ ಇಡಿ. ಕಾಣಿಸಿಕೊಂಡರೆ ಹತ್ತಿದ ಎಲೆ ಕತ್ತರಿಸಿ ಸುಟ್ಟು, ಉಳಿದದ್ದಕ್ಕೆ ಬೇವಿನ ಎಣ್ಣೆಯೊಡನೆ ಸಾಬೂನಿನ ನೀರು ಬೆರೆಸಿ, ಅಡಿಭಾಗ ತೋಯುವಂತೆ ಹತ್ತು ದಿನಕ್ಕೊಮ್ಮೆ ಸಿಂಪಡಿಸಿ.

ಕೊಳ್ಳುವಾಗ, ಸಾಗಿಸುವಾಗ, ಕಂಡಾಗ

ಕಾಡಿನಿಂದ ಅಗೆದ ಗಿಡಕ್ಕೆ ಗುರುತುಗಳಿವೆ. ಬೇರುಗಳು ಮೊಂಡಾಗಿ ಕಡಿದಿರುತ್ತವೆ, ಎಲೆಗಳನ್ನೆಲ್ಲ ಸವರಿ ಬೋಳು ಬೊಡ್ಡೆ ಮಾಡಿರುತ್ತಾರೆ, ಬೊಡ್ಡೆಯ ಮೇಲೆ ಹಳೆಯ ಬೆಂಕಿಯ ಕರಿ, ಕಾಡುಪಾಚಿ ಇರುತ್ತದೆ, ದಪ್ಪಕ್ಕೆ ಹೋಲಿಸಿದರೆ ಕುಂಡ ತೀರ ಹೊಸದು. ಕುಂಡದಲ್ಲೇ ಬೆಳೆದ ಗಿಡಕ್ಕೆ ತುಂಬಿದ ಬೇರು, ಪೂರ್ತಿ ಎಲೆಸುತ್ತು ಇರುತ್ತದೆ. ‘ಎಲ್ಲಿಂದ ತಂದಿರಿ, ಬೀಜದ್ದೋ ಮರಿಯದ್ದೋ’ ಎಂದು ಕೇಳಿ. ಉತ್ತರ ತೊದಲಿದರೆ ಹಿಂದಿರುಗಿ. ಬೇರು ಕಳೆದುಕೊಂಡ ಕಾಡಿನ ಬೊಡ್ಡೆ ಒಂದೆರಡು ವರ್ಷ ಕೂಡಿಟ್ಟ ಪಿಷ್ಟದಲ್ಲಿ ಹಸಿರಾಗಿದ್ದು ಆಮೇಲೆ ಕೊಳೆಯುವುದೂ ಉಂಟು. ದುಡ್ಡಿನ ಲೆಕ್ಕದಲ್ಲೂ ಅದು ಒಳ್ಳೆಯ ವ್ಯಾಪಾರವಲ್ಲ.

ಅರಣ್ಯದಿಂದ ಗಿಡ ಅಗೆಯುವುದು ಅಪರಾಧ. ದೇಶದಿಂದ ಹೊರಗೆ ಸಾಗಿಸುವುದಕ್ಕೆ ಬೇರೆಯೇ ಕಟ್ಟುಪಾಡಿದೆ: ಜಗತ್ತಿನ ಎಲ್ಲ ಸೈಕಾಡ್‌ಗಳೂ ಕಾಡುಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಗಳಲ್ಲಿವೆ, ಪರವಾನಗಿಯಿಲ್ಲದೆ ಗಡಿ ದಾಟುವಂತಿಲ್ಲ. ವಿದೇಶದಲ್ಲಿರುವ ಮಕ್ಕಳಿಗೆ ಊರಿನ ನೆನಪಿಗೆಂದು ನಾಲ್ಕು ಬೀಜ ಪೆಟ್ಟಿಗೆಯಲ್ಲಿಟ್ಟು ಕಳಿಸುವುದೂ ಇದರಡಿ ಬರುತ್ತದೆ. ತಿರುಮಲದ ಬೆಟ್ಟಗಳ ಸೈಕಾಸ್ ಬೆಡೋಮಿಗೆ ಇನ್ನೂ ಬಿಗಿಯಾದ ರಕ್ಷಣೆಯಿದೆ. ಅದು ಸೈಟಿಸ್‌ನ ಮೊದಲ ಪಟ್ಟಿಯಲ್ಲಿದೆ, ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಸಸ್ಯಗಳ ಪಟ್ಟಿಯಲ್ಲೂ ಇದೆ. ಘಟ್ಟದ ಸೈಕಾಸ್‌ಗೆ ಆ ಕಾಯ್ದೆಯ ಪಟ್ಟಿಯಲ್ಲಿ ಜಾಗ ಸಿಕ್ಕಿಲ್ಲ. ಸಿಗಬೇಕಿತ್ತು.

ನಿಮ್ಮ ಕುಮ್ಕಿಯಲ್ಲೋ ಸೊಪ್ಪಿನ ಬೆಟ್ಟದಲ್ಲೋ ಈ ಮರಗಳಿದ್ದರೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ಬೊಡ್ಡೆಯಿರುವ ಮರ ಎಷ್ಟು, ಶಂಕು ಬಿಟ್ಟಾಗ ಕಂಡಂತೆ ಗಂಡು ಎಷ್ಟು ಹೆಣ್ಣು ಎಷ್ಟು, ಮೊಣಕಾಲೆತ್ತರಕ್ಕಿಂತ ಕೆಳಗಿನ ಎಳೆಗಿಡ ಎಷ್ಟು. ಮುಂದಿನ ವರ್ಷ ಅದೇ ಹೊತ್ತಿಗೆ ಮತ್ತೆ ಎಣಿಸಿ. ಜೀವವೈವಿಧ್ಯ ಕಾಯ್ದೆಯಡಿ ಗ್ರಾಮ ಪಂಚಾಯಿತಿಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ಇಟ್ಟಿರಬೇಕು. ನಿಮ್ಮ ಲೆಕ್ಕ ಅದರಲ್ಲಿ ಸೇರುವಂತೆ ನೋಡಿಕೊಳ್ಳಿ, ಅರಣ್ಯ ಇಲಾಖೆಯ ವಲಯ ಕಚೇರಿಗೂ ತಿಳಿಸಿ. ಫೋಟೊವನ್ನು ಫೇಸ್‌ಬುಕ್ಕಿಗೋ ವಾಟ್ಸ್ಆ್ಯಪ್ ಗುಂಪಿಗೋ ಹಾಕುವುದಾದರೆ, ಅಗೆದೊಯ್ಯುವವರಿಗೆ ಸುಳಿವು ಸಿಗದಂತೆ ಜಾಗದ ಹೆಸರು ಬರೆಯಬೇಡಿ, ಮೊಬೈಲಿನ ಲೊಕೇಶನ್ ಆಫ್ ಮಾಡಿಯೇ ತೆಗೆಯಿರಿ.